ಹದಿನಾಲ್ಕನೆಯ ಟಿಪ್ಪಣಿ

ಜೂನ್ 4

ತಂಗಿಗೆ ವಾರಕ್ಕೊಂದು ಕಾಗದ ಬರೆಯುವುದು ನನ್ನ ಹಳೆಯ ಚಾಳಿ. ಆದರೆ ಅವಳ ಮನೆಯಲ್ಲಿ ನನ್ನ ಕಾಗದವನ್ನು ಊಟದ ಹೊತ್ತಿಗೆ ಎಲ್ಲರ ಮುಂದೆ ಗಟ್ಟಿಯಾಗಿ ಓದುತ್ತಾರೆ. ಪಕ್ಕದ ಮನೆಯವರು ಬಂದಿದ್ದರೆ ಅವರಿಗೂ ಒಂದು ಪಾಲು. ಅಲ್ಲಿ ಬರೆಯಲಾಗದ ಮಾತುಗಳಿಗಾಗಿ ಈ ಪುಸ್ತಕ. ಮಿಕ್ಕಿದ ಕಾಗದದ ತುಂಡುಗಳನ್ನು ಸೇರಿಸಿ ನಾನೇ ಹೊಲಿದದ್ದು. ವಿಶ್ವವಿದ್ಯಾಲಯದ ಬೈಂಡಿಂಗ್ ಕೋಣೆಯಲ್ಲಿ ಆಯುಷ್ಯ ಕಳೆದವನು ಅಂಗಡಿಯಿಂದ ಪುಸ್ತಕ ಕೊಂಡರೆ ಸೂಜಿ ದಾರವೇ ನಕ್ಕಾವು.

ಇವತ್ತೂ ಅಧಿಕಾರಿಗಳು ತಡವಾಗಿ ಬಂದರು. ಅಧಿಕಾರಿಗಳು ಎಂದರೆ ನನ್ನ ಸೊಸೆ. ನಾನು ಪುಸ್ತಕ ಹೊಲಿದ ವಿಶ್ವವಿದ್ಯಾಲಯಕ್ಕೇ ಅವಳು ಹಣಕಾಸು ಅಧಿಕಾರಿ. ಈ ಮನೆ ಅವಳ ಹುದ್ದೆಯ ಜೊತೆ ಬಂದದ್ದು. ಮಗ ಸೇತುವೆ ಕಟ್ಟುವ ಕೆಲಸದ ಮೇಲೆ ಊರೂರು ಅಲೆಯುತ್ತಾನೆ, ತಿಂಗಳಿಗೊಮ್ಮೆ ಬರುತ್ತಾನೆ. ಉಳಿದ ದಿನ ಮನೆಯಲ್ಲಿ ನಾನು, ಅವಳು, ಒಂದು ಕುಕ್ಕರ್. ಮೂವರಲ್ಲಿ ಹೆಚ್ಚು ಮಾತಾಡುವುದು ಕುಕ್ಕರ್.

ಅವಳಿಗೆ ಇದು ವಾರ್ಷಿಕ ಹಣಕಾಸು ವರದಿಯ ಕಾಲ. ವರ್ಷದಲ್ಲಿ ಬಂದದ್ದೆಷ್ಟು, ಹೋದದ್ದೆಲ್ಲಿಗೆ, ಯಾವ ನಿಧಿಯಲ್ಲಿ ಏನು ಉಳಿದಿದೆ ಎಂದು ಆಡಳಿತ ಮಂಡಳಿಯ ಮುಂದೆ ಇಡುವ ಪುಸ್ತಕ. ನಾನು ಶಾಲೆಗೆ ಹೋದವನಲ್ಲ. ಅಕ್ಷರ ಕಲಿತದ್ದೇ ಹೊಲಿಯಲು ಬಂದ ಆ ವರದಿಗಳ ಹಾಳೆಗಳ ಮೇಲೆ. ಬೇರೆ ಮಕ್ಕಳು ಅರಸ, ಆನೆ ಎಂದು ಶುರುಮಾಡಿದರೆ ನಾನು ಆಸ್ತಿ, ಹೊಣೆ ಎಂದು ಶುರುಮಾಡಿದೆ. ಆನೆ ಬಹಳ ತಡವಾಗಿ ಬಂತು.

ಜೂನ್ 9

ವಿಶ್ವವಿದ್ಯಾಲಯದ ಗೇಟಿನ ಎದುರು ಬಸ್ ನಿಲ್ಲುವಲ್ಲಿ ಒಂದು ಉದ್ದ ಬೆಂಚಿದೆ. ನಿವೃತ್ತರಾದ ನಮಗೆ ಅದೇ ಸಭಾಂಗಣ. ಖಾಯಂ ಸದಸ್ಯರು ಮೂವರು. ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿದ್ದ ಆಸಿಡ್, ಅವನ ಬೆರಳುಗಳು ಇನ್ನೂ ಹಳದಿ. ವ್ಯಾನು ಓಡಿಸುತ್ತಿದ್ದ ಸ್ಟೇರಿಂಗ್, ಅವನು ಈಗಲೂ ತಿರುವಿನಲ್ಲಿ ಕೈ ಹೊರಗೆ ಚಾಚಿ ನಡೆಯುತ್ತಾನೆ. ಮೂರನೆಯವನು ನಾನು, ರಟ್ಟು.

ಆಸಿಡ್‌ನ ಸೊಂಟದ ಕೀಲು ಸವೆದುಹೋಗಿದೆ. ನಿವೃತ್ತರ ವೈದ್ಯಕೀಯ ನಿಧಿಯಿಂದ ಆಪರೇಷನ್ನಿಗೆ ಮಂಜೂರಾತಿ ಸಿಕ್ಕಿ ಎಷ್ಟೋ ಕಾಲವಾಯಿತು. ಹಣ ಮಾತ್ರ ಬಂದಿಲ್ಲ. ನಾವೆಲ್ಲ ಸಂಬಳದಲ್ಲಿ ಇಷ್ಟಿಷ್ಟು ಮುರಿಸಿ ಕೂಡಿಸಿದ ನಿಧಿ ಅದು.

"ಏನಯ್ಯಾ ರಟ್ಟು, ನಿನ್ನ ಸೊಸೇನ ಒಂದು ಮಾತು ಕೇಳು. ನನ್ನ ಫೈಲು ಎಲ್ಲಿ ಮಲಗಿದೆ ಅಂತ. ನನಗಂತೂ ಮಲಗೋಕೆ ಆಗ್ತಿಲ್ಲ, ಅದಾದ್ರೂ ಆರಾಮಾಗಿದ್ಯಾ ನೋಡೋಣ."

"ಮಲಗಿಲ್ಲ ಕಣಯ್ಯಾ, ಅಲ್ಲಿ ನಿಂತಿದೆ ನೋಡು," ಎಂದು ಸ್ಟೇರಿಂಗ್ ಗೇಟಿನೊಳಗೆ ಎದ್ದಿರುವ ಹೊಸ ಸಭಾಂಗಣದತ್ತ ಗಲ್ಲ ಎತ್ತಿದ. ಸುತ್ತ ಗಾಜು, ಮೇಲೆ ಗುಮ್ಮಟ. "ನಿನ್ನ ಸೊಂಟ ಆ ಕಂಬದೊಳಗಿದೆ."

ನಕ್ಕೆವು. ಮನೆಗೆ ಬಂದು ಅಧಿಕಾರಿಗಳನ್ನು ಕೇಳಿದೆ.

"ಆಫೀಸಿನ ಮಾತು ಮನೇಲಿ ಬೇಡ ಮಾವ," ಎಂದಳು. ಹೇಳಿದ ರೀತಿ ಒರಟಲ್ಲ. ಆದರೆ ಮುಖ ನೋಡಿ ಹೇಳಲಿಲ್ಲ.

ಜೂನ್ 17

ಕುಲಸಚಿವರು ಮನೆಗೆ ಬಂದಿದ್ದರು. ಕುಲಪತಿಗಳ ನಂತರದ ದೊಡ್ಡವರು. ಒಂದು ಬುಟ್ಟಿ ಹಣ್ಣು ತಂದರು. "ಯಜಮಾನ್ರೇ, ನಿಮ್ಮ ಸೊಸೆ ಬಹಳ ಜಾಣೆ," ಎಂದರು. "ಜಾಣರದ್ದು ಒಂದೇ ತೊಂದರೆ. ಗೊತ್ತಿರೋದೆಲ್ಲಾ ಬರೀಬೇಕು ಅನ್ನಿಸುತ್ತೆ."

ನಾನು ಚಹಾ ಮಾಡಲು ಒಳಗೆ ಹೋದೆ. ಅಡುಗೆಮನೆಗೆ ಬಾಗಿಲಿಲ್ಲ, ನನ್ನ ಕಿವಿಗೂ ಇಲ್ಲ.

"ನಿಧಿಯಿಂದ ಸಭಾಂಗಣಕ್ಕೆ ತೆಗೆದದ್ದು ನಿಜ ಸರ್. ಯಾವಾಗ ವಾಪಸ್ ಹಾಕ್ತೀವಿ ಅಂತ ಯಾರಿಗೂ ಗೊತ್ತಿಲ್ಲ, ಅದೂ ನಿಜ. ಎರಡೂ ಟಿಪ್ಪಣಿಯಲ್ಲಿ ಇರ್ಬೇಕು."

"ಮುಂದಿನ ವರ್ಷ ಹಾಕೋಣಮ್ಮ. ಉದ್ಘಾಟನೆ ಒಂದು ಆಗಿಹೋಗ್ಲಿ. ವರದಿಯ ಹಿಂದಿನ ಟಿಪ್ಪಣಿಗಳನ್ನ ಯಾರು ಓದ್ತಾರೆ ಹೇಳು?"

"ಯಾರೂ ಓದಲ್ಲ ಅಂದ್ರೆ ಇರ್ಲಿ ಬಿಡಿ ಸರ್."

ಅವರು ನಕ್ಕರು. ಹೊರಡುವಾಗ ಕಿಟಕಿಗಳನ್ನೆಲ್ಲ ಒಮ್ಮೆ ನೋಡಿದರು. "ಮನೆ ಚೆನ್ನಾಗಿದೆ. ಗಾಳಿ ಬೆಳಕು ಧಾರಾಳ. ಖಾಲಿ ಮಾಡೋಕೆ ಯಾರಿಗೂ ಮನಸ್ಸು ಬರಲ್ಲ ಇಂಥದ್ದನ್ನ."

ಸ್ಟೇರಿಂಗ್ ತಮಾಷೆಗೆ ಹೇಳಿದ್ದು ನಿಜವೇ ಆಗಿತ್ತು. ಸಕ್ಕರೆ ಹಾಕಿದೆನೋ ಇಲ್ಲವೋ ಮರೆತು, ಅವಳ ಚಹಾಕ್ಕೆ ಎರಡು ಸಲ ಹಾಕಿದೆ. ಅವಳು ತಳದ ಸಕ್ಕರೆಯವರೆಗೂ ಕುಡಿದಳು.

ಜೂನ್ 18

ಬುದ್ಧಿ ಹೇಳಿದೆ. ಹಿರಿಯನಾಗಿ ಹೇಳಬೇಕಾದದ್ದನ್ನೇ ಹೇಳಿದೆ. "ಬಾಗಿದ ಮರ ಉಳಿಯುತ್ತಮ್ಮ. ನಿನ್ನ ಗಂಡನ ಕೆಲಸ ಇವತ್ತು ಇದ್ದು ನಾಳೆ ಇಲ್ಲದ್ದು. ಒಂದು ಟಿಪ್ಪಣಿಗೋಸ್ಕರ ಬೀದಿಗೆ ಬರೋದಾ?"

"ನಿಮ್ಮ ಸ್ನೇಹಿತರ ದುಡ್ಡು ಮಾವ ಅದು."

"ಸ್ನೇಹಿತರು ಬೆಂಚಿನ ಮೇಲೆ. ನಾವು ಮನೆಯೊಳಗೆ."

ತಟ್ಟೆಯ ಅನ್ನವನ್ನು ಅಂಚಿಗೆ ಸರಿಸಿ, "ಸರಿ ಮಾವ," ಎಂದಳು.

ನನ್ನ ಮಾತಿಗೆ ಈ ಮನೆಯಲ್ಲಿ ಬೆಲೆ ಇದೆ ಎಂದು ಇವತ್ತು ಗೊತ್ತಾಯಿತು. ಊಟ ಮಾತ್ರ ಯಾಕೋ ಸೇರಲಿಲ್ಲ.

ಜೂನ್ 27

ಬೆಂಚಿನ ಕಡೆ ಹೋಗಿ ಬಹಳ ದಿನವಾಯಿತು. ಮಂಡಿನೋವು. ಇವತ್ತು ಬ್ರೆಡ್ಡು ತರಲು ಹಿಂದಿನ ಗಲ್ಲಿಯಿಂದ ಹೋಗಿ ಬಂದೆ, ಅದು ಸುತ್ತು ದಾರಿ.

ಜುಲೈ 6

ಇವತ್ತು ನಾನು ಕೂಗಿದೆ.

ಹಣಕಾಸು ವಿಭಾಗದಲ್ಲಿ ಒಂದು ಪದ್ಧತಿಯಿದೆ. ವರದಿ ಅಚ್ಚಿಗೆ ಹೋಗುವ ಮೊದಲು ಒಬ್ಬರು ಕರಡನ್ನು ಅಕ್ಷರ ಬಿಡದೆ ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಮೂಲ ಕಾಗದಗಳ ಜೊತೆ ತಾಳೆ ನೋಡಬೇಕು. ಅದನ್ನು ಕೂಗು ಎನ್ನುತ್ತಾರೆ. ಬೈಂಡಿಂಗ್ ಕೋಣೆ ಪಕ್ಕದ್ದೇ ಆದ್ದರಿಂದ ನಾನು ಎಷ್ಟೋ ವರ್ಷ ಗೋಡೆಯಾಚೆಯ ಕೂಗಿನ ತಾಳಕ್ಕೆ ಸೂಜಿ ಎಳೆದಿದ್ದೇನೆ. ಪ್ರತಿ ವರ್ಷ ಕೂಗುತ್ತಿದ್ದ ಹಿರಿಯ ಗುಮಾಸ್ತ ಈ ಸಲ ರಜೆ ಹಾಕಿದ್ದಾನೆ.

"ಗಂಟಲು ನೋವಂತೆ," ಎಂದಳು ಸೊಸೆ. "ಸಹಿ ಬೀಳೋ ಪುಸ್ತಕ ಅಂದ ತಕ್ಷಣ ಇಡೀ ವಿಭಾಗಕ್ಕೆ ಗಂಟಲು ಕಟ್ಟಿದೆ. ನೀವು ಓದ್ತೀರಾ ಮಾವ?"

ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡೆವು. ನಾನು ಓದುತ್ತೇನೆ, ಅವಳು ಪೆನ್ಸಿಲಿನಿಂದ ಚುಕ್ಕೆ ಇಡುತ್ತಾಳೆ. ಅಂಕಿಗಳನ್ನು ಓದುವುದರಲ್ಲಿ ಒಂದು ನಡಿಗೆ ಇದೆ, ಅದು ಸಿಕ್ಕಿದ ಮೇಲೆ ಉಸಿರು ತಾನಾಗಿ ಬರುತ್ತದೆ. ಗ್ರಂಥಾಲಯದ ನಿಧಿ, ವಿದ್ಯಾರ್ಥಿವೇತನದ ನಿಧಿ, ಆಮೇಲೆ "ನಿವೃತ್ತರ ವೈದ್ಯಕೀಯ ನಿಧಿ. ಟಿಪ್ಪಣಿ ಹದಿನಾಲ್ಕು ನೋಡಿ." ಅವಳ ಪೆನ್ಸಿಲು ಒಂದು ಚುಕ್ಕೆ ಇಟ್ಟಿತು. ಮುಂದೆ ಹೋದೆವು.

ಮಧ್ಯಾಹ್ನದ ಮೇಲೆ ಟಿಪ್ಪಣಿಗಳು ಬಂದವು. ನಾನು ಅದೇ ನಡಿಗೆಯಲ್ಲಿ ಕೂಗಿದೆ: "ಟಿಪ್ಪಣಿ ಹದಿನಾಲ್ಕು. ಕ್ರೀಡಾ ವಿಭಾಗದ ಪಾರಿತೋಷಕಗಳು. ಬೆಳ್ಳಿ ಲೇಪದ ಕಪ್ಪುಗಳು, ಫಲಕಗಳು, ಕಂಚಿನ ಓಟಗಾರನ ಪ್ರತಿಮೆ ಒಂದು, ಬಲಗಾಲು ಮುರಿದಿದೆ. ಇವುಗಳಿಗೆ ಮೌಲ್ಯ ಕಟ್ಟಿರುವುದಿಲ್ಲ."

ನಗು ತಡೆಯಲಾಗಲಿಲ್ಲ. "ಏನಮ್ಮಾ ಇದು, ಆಸಿಡ್ ಸೊಂಟ ಕೇಳಿದ್ರೆ ಕಾಲು ಮುರಿದ ಓಟಗಾರನ್ನ ತೋರಿಸ್ತಿದೀರಾ?"

ಅವಳೂ ನಕ್ಕಳು. ಈ ಮನೆಗೆ ಬಂದಮೇಲೆ ಅವಳು ಹಾಗೆ ಬಾಯಿ ತುಂಬ ನಕ್ಕದ್ದನ್ನು ನಾನು ನೋಡಿರಲಿಲ್ಲ. ನಗುನಗುತ್ತಲೇ ಕಣ್ಣು ಒರೆಸಿಕೊಂಡಳು. ಆಮೇಲೆಯೂ ಒರೆಸಿಕೊಳ್ಳುತ್ತಲೇ ಇದ್ದಳು.

"ಹದಿನಾಲ್ಕನ್ನ ತೆಗೆದಿದ್ದು ನಾನೇ ಮಾವ. ಅದು ಹೋದ್ಮೇಲೆ ಹದಿನೈದು ಮೇಲೆ ಸರಿದು ಹದಿನಾಲ್ಕಾಗಿದೆ. ನಾವು ಪ್ರತಿ ವರ್ಷ ಹಳೇ ವರದಿ ಮೇಲೇನೆ ಹೊಸದನ್ನ ಬರೀತೀವಲ್ಲ, ಹಿಂದಿನ ಪುಟದ 'ನೋಡಿ' ಹಾಗೇ ಉಳ್ಕೊಂಡಿದೆ."

"ತೆಗೆದೆಯಾ?"

"ನೀವು ಹೇಳಿದ್ರಲ್ಲ."

ಹೇಳಿದ್ದೆ. ಹೇಳಿಲ್ಲ ಎನ್ನುವಂತಿರಲಿಲ್ಲ. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡ ಹಾಗಾಯಿತು. ಉಗುಳಲೂ ಆಗದು, ನುಂಗಲೂ ಆಗದು.

"ಹಾಗಾದ್ರೆ ಆ 'ನೋಡಿ' ಅನ್ನೋದನ್ನೂ ಹೊಡೆದುಹಾಕು," ಎಂದೆ. "ಅರ್ಧಂಬರ್ಧ ಕೆಲಸ ಒಳ್ಳೇದಲ್ಲ."

ಅವಳು ಪುಟ ಹಿಂದೆ ತಿರುಗಿಸಿ ಪೆನ್ಸಿಲನ್ನು ಆ ಸಾಲಿನ ಮೇಲೆ ಇಟ್ಟಳು. ಇಟ್ಟುಕೊಂಡೇ ಇದ್ದಳು. "ಮುಂದೆ ಓದಿ ಮಾವ," ಎಂದಳು. ಗೆರೆ ಎಳೆದಳೋ ಇಲ್ಲವೋ, ನನ್ನ ಕನ್ನಡಕ ಕೈಯಲ್ಲಿತ್ತು, ಕಾಣಲಿಲ್ಲ.

ಜುಲೈ 8

ಗಂಟಲು ನೋಯುತ್ತಿದೆ. ನನ್ನದು ನಿಜವಾದ ನೋವು.

ಜುಲೈ 19

ಅಚ್ಚಾದ ವರದಿ ಒಂದು ಪ್ರತಿ ಮನೆಗೆ ಬಂತು. ನಾನು ಮೊದಲು ನೋಡಿದ್ದು ಬೆನ್ನನ್ನು. ದಾರವೇ ಇಲ್ಲ, ಬರೀ ಗೋಂದು. ಎರಡು ಸಲ ಬಿಡಿಸಿದರೆ ಹಾಳೆಗಳು ಸಂಸಾರ ಬಿಟ್ಟ ಸನ್ಯಾಸಿಗಳಾಗುತ್ತವೆ. ಆಮೇಲೆ ನಿಧಿಗಳ ಪುಟ ತೆಗೆದೆ. ನಿವೃತ್ತರ ವೈದ್ಯಕೀಯ ನಿಧಿ, ಟಿಪ್ಪಣಿ ಹದಿನಾಲ್ಕು ನೋಡಿ.

"ಇದು ಉಳಿದೇಹೋಗಿದೆಯಲ್ಲಮ್ಮ."

"ಹೌದಾ ಮಾವ?" ಎಂದು ಅವಳು ಹಾಲು ಇಳಿಸಲು ಎದ್ದು ಹೋದಳು. ಹಾಲು ಇನ್ನೂ ಉಕ್ಕಿರಲಿಲ್ಲ.

ಜುಲೈ 24

ಆಸಿಡ್ ಬಸ್ಸಿನ ಮೆಟ್ಟಿಲಿಂದ ಬಿದ್ದ. ಸವೆದಿದ್ದ ಕೀಲು ಈಗ ಮುರಿದಿದೆ. ಸ್ಟೇರಿಂಗ್ ಬಾಗಿಲು ಬಡಿದು ಸುದ್ದಿ ಹೇಳಿದ, ಒಳಗೆ ಬಾ ಎಂದರೂ ಬರಲಿಲ್ಲ. ಚಪ್ಪಲಿ ಬಿಡದೆ ಹೊಸ್ತಿಲಾಚೆ ನಿಂತೇ ಹೇಳಿದ.

ಆಸ್ಪತ್ರೆಯಲ್ಲಿ ಅವನ ಕಾಲಿಗೆ ತೂಕ ಕಟ್ಟಿ ನೇತುಹಾಕಿದ್ದಾರೆ. ನನ್ನ ಮುಖ ಕಂಡು, "ಬಾರಯ್ಯ ರಟ್ಟು, ಬೆಂಚಿನ ದಾರಿ ಮರೆತೆ, ಇಲ್ಲಿಯ ದಾರಿ ಹೇಗೆ ಗೊತ್ತಾಯ್ತು?" ಎಂದ. ಅವನ ದಿಂಬು ಸರಿಮಾಡಿದೆ. ಅದು ಸರಿಯಾಗಿಯೇ ಇತ್ತು.

ಮುಂಗಡ ಕಟ್ಟದೆ ಆಪರೇಷನ್ ಇಲ್ಲವಂತೆ. ವಿಶ್ವವಿದ್ಯಾಲಯದಿಂದ ಬಂದ ಕಾಗದವನ್ನು ಅವನ ಹೆಂಡತಿ ತೋರಿಸಿದಳು: 'ಪರಿಶೀಲನೆಯಲ್ಲಿದೆ.'

ಮಾತಾಡುತ್ತಿರುವಾಗಲೇ ಬಾಗಿಲಲ್ಲಿ ಸೊಸೆ. ಆಫೀಸಿನಿಂದ ನೇರ ಬಂದಿದ್ದಳು, ಕೊರಳಲ್ಲಿ ಗುರುತಿನ ಚೀಟಿ ಇನ್ನೂ ನೇತಾಡುತ್ತಿತ್ತು. ಆಸಿಡ್‌ಗೆ ಅವಳು ಯಾರೆಂದು ಗೊತ್ತು. ಅವನು ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ವಾಸಿಯಿತ್ತು.

"ಕೂತ್ಕೊಳ್ಳಮ್ಮ," ಎಂದ. "ದಣಿದು ಬಂದಿದೀಯ. ಇವಳೇ, ಆ ಕುರ್ಚಿ ಮೇಲಿನ ಬಟ್ಟೆ ತೆಗಿ."

ವಾಪಸ್ ಬರುವಾಗ ಬಸ್ಸಿನಲ್ಲಿ ನಮ್ಮ ಹುಡುಗಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಗಾಜಿನಲ್ಲಿ ಅವಳ ಮುಖ ಕಾಣುತ್ತಿತ್ತು. ನಾನು ನೋಡದ ಹಾಗೆ ಕೂತೆ.

ಜುಲೈ 26

ಮಂಡಳಿಯ ಸಭೆ ಮಂಗಳವಾರ. ಸದಸ್ಯರಿಗೆ ಹಂಚುವ ಪ್ರತಿಗಳನ್ನು ಆಫೀಸಿನ ವ್ಯಾನು ಪೆಟ್ಟಿಗೆಗಳಲ್ಲಿ ತಂದಿಳಿಸಿತು. ನಿಧಿಗಳ ಪುಟದ ಕೆಳಗೆ ಪ್ರತಿಯೊಂದಕ್ಕೂ ಹಣಕಾಸು ಅಧಿಕಾರಿ ಶಾಯಿಯಲ್ಲಿ ಸಹಿ ಹಾಕಬೇಕು.

ಅವಳು ಸಹಿ ಹಾಕಲು ಕೂರಲಿಲ್ಲ. ಚೀಲದಿಂದ ಸಣ್ಣ ಚೀಟಿಗಳ ಕಟ್ಟೊಂದನ್ನು ತೆಗೆದು ನನ್ನ ಮುಂದಿಟ್ಟಳು. 'ತಿದ್ದುಪಡಿ. ಟಿಪ್ಪಣಿ ಹದಿನಾಲ್ಕು. ನಿವೃತ್ತರ ವೈದ್ಯಕೀಯ ನಿಧಿಯ ಹಣವನ್ನು ಹೊಸ ಸಭಾಂಗಣದ ನಿರ್ಮಾಣಕ್ಕೆ ಬಳಸಲಾಗಿದೆ. ಹಿಂತಿರುಗಿಸುವ ದಿನ ನಿಗದಿಯಾಗಿಲ್ಲ. ಮಂಜೂರಾದ ಚಿಕಿತ್ಸೆಗಳ ಹಣ ಬಾಕಿ ಇದೆ.'

"ಅಚ್ಚಾದ ವರದಿಯಲ್ಲಿ ತಪ್ಪು ಕಂಡ್ರೆ ಸಭೆಗೆ ಮುಂಚೆ ತಿದ್ದುಪಡಿ ಚೀಟಿ ಹಾಕೋ ಅಧಿಕಾರ ನನಗಿದೆ ಮಾವ. ಯಾರನ್ನೂ ಕೇಳ್ಬೇಕಾಗಿಲ್ಲ. ತಪ್ಪೇ ಇಲ್ದಿದ್ರೆ ಹಾಕೋ ಹಾಗಿರ್ಲಿಲ್ಲ. ಆದ್ರೆ ತಪ್ಪಿದೆ. ನಿಧಿಗೆ ಹದಿನಾಲ್ಕು ನೋಡಿ ಅಂದ್ರೆ ಕ್ರೀಡಾ ಕಪ್ಪುಗಳು ಕಾಣ್ಸುತ್ವೆ."

"ಅವತ್ತು ಪೆನ್ಸಿಲ್ ಇಟ್ಟಾಗ್ಲೇ ಇದನ್ನ ಯೋಚಿಸಿದ್ದೆಯಾ?"

"ಇಲ್ಲ ಮಾವ. ಅವತ್ತು ಕೈ ಓಡ್ಲಿಲ್ಲ, ಅಷ್ಟೇ."

ನನಗೆ ಇದು ಇಷ್ಟವಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಮನೆ ಹೋಗುತ್ತದೆ ಎಂದೆ. ಮಗನಿಗೆ ಫೋನು ಮಾಡು ಎಂದೆ. ಮಾಡಿದ್ದಳಂತೆ. "ಅಪ್ಪ ಏನಂತಾರೆ ಅಂತ ಕೇಳಿದ್ರು," ಎಂದಳು. ನಾನು ಒಲೆ ಹಚ್ಚಿ, ಹಿಟ್ಟು ಕಲಸಿ, ಅಂಟು ಕಾಯಿಸಲು ಇಟ್ಟೆ. ಹೇಗಿದ್ದರೂ ಯಾರೋ ಒಬ್ಬರು ಅಂಟಿಸಲೇಬೇಕು. ಗೊತ್ತಿಲ್ಲದವರು ಅಂಟಿಸಿದರೆ ಪುಟವೆಲ್ಲ ಸುಕ್ಕು.

ಚೀಟಿ ಅಂಟಿಸುವುದರಲ್ಲಿ ಎರಡು ಬಗೆ. ಒಂದು ಅಂಚಿಗೆ ದಾರದಷ್ಟು ಅಂಟು ಹಚ್ಚುವುದು. ಅದು ಸಭ್ಯರ ಪದ್ಧತಿ, ಬೇಡವೆಂದಾಗ ಪುಟಕ್ಕೆ ನೋವಾಗದಂತೆ ಕಿತ್ತುಕೊಳ್ಳಬಹುದು. ಇನ್ನೊಂದು ಇಡೀ ಬೆನ್ನಿಗೆ ಬಳಿದು ಭಾರ ಹೇರಿ ಒಣಗಿಸುವುದು. ಆಗ ಚೀಟಿ ಬೇರೆ ಪುಟ ಬೇರೆ ಎಂಬುದಿಲ್ಲ.

"ಅಂಚಿಗೆ ಹಚ್ಚಿ ಮಾವ, ಸಾಕು."

"ಸಹಿ ನಿನ್ನದು, ಅಂಟು ನನ್ನದು. ನಿನ್ನ ಕೆಲಸ ನೋಡು."

ಇಡೀ ಬೆನ್ನಿಗೆ ಬಳಿದು, ನಿಧಿಗಳ ಪುಟದಲ್ಲಿ ಆ 'ನೋಡಿ' ಸಾಲಿನ ಕೆಳಗೇ ಒತ್ತಿದೆ. ಬೇರೆ ಕಾರಣವೇನಿಲ್ಲ. ಅಂಚಿಗೆ ಹಚ್ಚಿದ ಚೀಟಿ ಮಡಚಿಕೊಳ್ಳುತ್ತದೆ, ನೋಡಲು ಚೆಂದವಲ್ಲ. ಒಣಗಿದ ಮೇಲೆ ಅವಳು ಒಂದೊಂದಕ್ಕೂ ಸಹಿ ಹಾಕಿದಳು. ಅರ್ಧ ಚೀಟಿಯ ಮೇಲೆ, ಅರ್ಧ ಪುಟದ ಮೇಲೆ. ನಾನು ಹೇಳಿಕೊಟ್ಟದ್ದಲ್ಲ. ಮೇಜಿನ ತುಂಬ ಪುಸ್ತಕ, ಅವುಗಳ ಮೇಲೆ ಇಸ್ತ್ರಿಪೆಟ್ಟಿಗೆ, ಕುಕ್ಕರ್, ಅವಳ ದಪ್ಪ ನಿಯಮಾವಳಿ. ಊಟವನ್ನು ನೆಲದ ಮೇಲೆ ಕೂತು ಮಾಡಿದೆವು. ನನ್ನ ಬಟ್ಟಲಿನಿಂದಲೇ ಉಪ್ಪಿನಕಾಯಿ ತೆಗೆದುಕೊಂಡಳು, ಕೇಳದೆ.

ನನ್ನ ಅಭಿಪ್ರಾಯ ಏನೂ ಬದಲಾಗಿಲ್ಲ. ಅವಳು ಸುಮ್ಮನಿರಬೇಕಿತ್ತು.

ಜುಲೈ 29

ಬೆಳಿಗ್ಗೆಯಿಂದ ಕೈಗೆ ಕೆಲಸವಿಲ್ಲ. ಕಪಾಟಿನ ಪುಸ್ತಕಗಳ ಧೂಳು ಒರೆಸಿದೆ. ಮತ್ತೆ ಒರೆಸಿದೆ.

ಮಗಳು ಸಭೆ ಮುಗಿಸಿ ಬೆಳಕಿರುವಾಗಲೇ ಬಂದಳು. ಕೈಚೀಲ ಕುರ್ಚಿಗೆ ಹಾಕಿ, ನೀರು ಕುಡಿದು, ಅಡುಗೆಮನೆಯ ನೆಲದ ಮೇಲೆ ಗೋಡೆಗೊರಗಿ ಕೂತಳು. ನಾನೂ ಎದುರು ಕೂತೆ.

"ಸಭೆಗೆ ಮುಂಚೆ ಕುಲಸಚಿವರು ಒಂದು ಪ್ರತಿ ತೆಗೆದು ನೋಡಿದ್ರು ಮಾವ. ಜವಾನರನ್ನ ಕರೆದು ಎಲ್ಲಾ ಚೀಟಿ ಕೀಳಿ ಅಂದ್ರು. ಅವರು ಎಳೆದ್ರು. ಬರ್ಲಿಲ್ಲ. ಜೋರಾಗಿ ಎಳೆದ್ರು."

"ಪುಟ ಹರೀತು."

"ಚೀಟಿ ಜೊತೆ ನಿಧಿಗಳ ಸಾಲೇ ಕಿತ್ತು ಬಂತು. ನನ್ನ ಸಹಿ ಅರ್ಧ ಹೋಯ್ತು. ಹೊಸದಾಗಿ ಅಚ್ಚು ಹಾಕ್ಸೋಕೆ ಹೊತ್ತಿಲ್ಲ, ಸದಸ್ಯರಾಗ್ಲೇ ಮೆಟ್ಟಿಲ ಮೇಲಿದ್ರು. ಹಾಗೇ ಹಂಚಿದ್ರು."

ವರದಿಯನ್ನು ಯಾವತ್ತೂ ತೆರೆದು ನೋಡದ ಸದಸ್ಯರೆಲ್ಲ ಇವತ್ತು ಒಂದೇ ಪುಟವನ್ನು ತೆರೆದು ಕೂತಿದ್ದರಂತೆ. ಎಲ್ಲರ ಪುಸ್ತಕದಲ್ಲೂ ಒಂದೇ ಜಾಗದಲ್ಲಿ ತೂತು. ಹಿರಿಯ ಸದಸ್ಯೆಯೊಬ್ಬರು ತೂತಿನೊಳಗೆ ಬೆರಳು ತೂರಿಸಿ ಎತ್ತಿ ಹಿಡಿದು ಕೇಳಿದರಂತೆ: "ಇಲ್ಲಿ ಏನಿತ್ತು?"

"ನನ್ನ ಕೈಯಲ್ಲಿದ್ದ ಪ್ರತಿ ಮಾತ್ರ ಹರಿದಿರ್ಲಿಲ್ಲ. ಎದ್ದು ನಿಂತು ಕೂಗಿದೆ ಮಾವ. ನೀವು ಓದಿದ ಹಾಗೇ. ಒಂದೊಂದೇ ಪದ."

ಆಮೇಲೆ ಅವಳು ಮೊಣಕಾಲಿನ ಮೇಲೆ ತಲೆ ಇಟ್ಟಳು. ನಾನು ಕುಕ್ಕರಿಗೆ ಅಕ್ಕಿ ಹಾಕಿದೆ.

ಆಗಸ್ಟ್ 11

ಅವಳನ್ನು ಉಗ್ರಾಣ ವಿಭಾಗಕ್ಕೆ ಹಾಕಿದ್ದಾರೆ. ಸೀಮೆಸುಣ್ಣ, ಪೊರಕೆ, ಬಲ್ಬು ಎಣಿಸುವ ಹುದ್ದೆ. ಆ ಹುದ್ದೆಗೆ ಮನೆಯಿಲ್ಲ. ಮಗ ಬಂದು ದರ್ಜಿ ಅಂಗಡಿಯ ಮೇಲೆ ಎರಡು ಕೋಣೆ ನೋಡಿಹೋಗಿದ್ದಾನೆ. ಕಿಟಕಿ ಒಂದೇ, ಅದೂ ಗೋಡೆಯನ್ನು ನೋಡುತ್ತದೆ.

ಮಂಡಳಿ ಒಂದು ಸಮಿತಿ ಮಾಡಿದೆ. ಮಂಜೂರಾದ ಚಿಕಿತ್ಸೆಗಳನ್ನು ಮೊದಲು ತೀರಿಸಿ ಎಂದಿದೆ, ಎಲ್ಲಿಂದ ಎಂದು ಹೇಳಿಲ್ಲ. ಆಸಿಡ್‌ನ ಮುಂಗಡದಲ್ಲಿ ಸ್ವಲ್ಪ ಬಂದಿದೆ. ವೈದ್ಯರು ತಡವಾಯಿತು ಎನ್ನುತ್ತಾರೆ, ಆದರೂ ಮಾಡೋಣ ಎನ್ನುತ್ತಾರೆ. ಗುಣವಾದರೂ ಕೋಲು ತಪ್ಪುವುದಿಲ್ಲವಂತೆ. ಸಭಾಂಗಣದ ಉದ್ಘಾಟನೆ ನಿಗದಿಯಾದ ದಿನವೇ ಆಯಿತು.

ಬೆಂಚಿಗೆ ಹೋಗಿದ್ದೆ. ಸ್ಟೇರಿಂಗ್ ಪಕ್ಕಕ್ಕೆ ಸರಿದು ಜಾಗ ಬಿಟ್ಟ. ಒಂದು ಬಸ್ಸು ಬಂದುಹೋದ ಮೇಲೆ, "ಅಂಟಿಗೆ ಏನು ಹಾಕಿದ್ದೆಯೋ?" ಎಂದ.

"ಬರೀ ಹಿಟ್ಟು."

"ಹಿಟ್ಟಲ್ಲವೇ ಅಲ್ಲ ಬಿಡು," ಎಂದು ನನ್ನ ತೊಡೆಗೆ ಗುದ್ದಿದ. ಇನ್ನೂ ನೋಯುತ್ತಿದೆ.

ಸಂಜೆ ಸಾಮಾನು ಕಟ್ಟುವಾಗ ಮಗಳು ಹರಿದ ಪ್ರತಿಯೊಂದನ್ನು ತಂದು ನನ್ನ ಮಡಿಲಲ್ಲಿಟ್ಟಳು. ಸಭೆಯ ನಂತರ ಮೇಜಿನ ಮೇಲೆ ಯಾರೋ ಬಿಟ್ಟುಹೋದದ್ದಂತೆ.

"ಇದನ್ನ ಸರಿ ಮಾಡೋಕಾಗುತ್ತಾ ಮಾವ?"

ಆಗುತ್ತದೆ. ಇಂಥ ತೂತಿಗೆಂದೇ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಕಾಗದ ನನ್ನ ಪೆಟ್ಟಿಗೆಯಲ್ಲಿದೆ. ಹಚ್ಚಿದರೆ ಬೆರಳಿಗೂ ಗೊತ್ತಾಗುವುದಿಲ್ಲ. ಕೆಲಸಕ್ಕೆ ಸೇರಿದಾಗಿನಿಂದ ಹರಿದದ್ದನ್ನು ಹರಿದಂತೆ ವಾಪಸ್ ಕೊಟ್ಟವನಲ್ಲ ನಾನು. ಪುಟವನ್ನು ಬೆಳಕಿಗೆ ಹಿಡಿದು ನೋಡಿದೆ. ತೂತಿನಾಚೆ ಅವಳು ಪಾತ್ರೆಗಳಿಗೆ ಬಟ್ಟೆ ಸುತ್ತುತ್ತಿದ್ದಳು.

"ಬೇಡಮ್ಮ," ಎಂದೆ. "ಇದು ಹೀಗೇ ಇರಲಿ."

ನನ್ನ ಸೂಜಿಪೆಟ್ಟಿಗೆಯ ಪಕ್ಕದಲ್ಲಿಟ್ಟು ಕಟ್ಟಿದೆ. ತಂಗಿಗೆ ಕಾಗದ ಬರೆಯದೆ ಬಹಳ ವಾರವಾಯಿತು. ನಾಳೆ ಬರೆಯಬೇಕು, ಹೊಸ ವಿಳಾಸವನ್ನೂ ಅದರ ಕಾರಣವನ್ನೂ ತಿಳಿಸಬೇಕು. ಊಟದ ಹೊತ್ತಿಗೆ ಎಲ್ಲರ ಮುಂದೆ ಓದಲಿ.